ಫಿಯೆಟ್ಟಿನ ಬೆನ್ನ ಮೇಲಿನ ಡಿ

ಮಾಳಿಗೆಯ ಅಂಚಿನಲ್ಲಿ ಕೂತಿದ್ದ ಹೀರಾಬಾಯಿಗೆ ವರನ ಮುಖಕ್ಕಿಂತ ಮೊದಲು ಕಾರಿನ ಬೆನ್ನು ಕಾಣಬೇಕಿತ್ತು. ಸಂಶಿಯ ಧೂಳನ್ನೆಲ್ಲ ಎಬ್ಬಿಸಿಕೊಂಡು ಬಂದ ಫಿಯೆಟ್ಟು ಮನೆಯ ಮುಂದೆ ತಿರುಗಿ ನಿಂತಿತು. ಡಿಕ್ಕಿಯ ಮೇಲೆ 1100, ಅದರ ಪಕ್ಕಕ್ಕೆ ಡಿ. ಅದೇ ಗಾಡಿ!

ಅವಳನ್ನು ನೋಡಲು ಬರುವವರೆಲ್ಲ ಹುಬ್ಬಳ್ಳಿಯ ಕಾಸೀಮಸಾಬರ ಈ ಗಾಡಿಯನ್ನೇ ಬಾಡಿಗೆಗೆ ಹಿಡಿಯುತ್ತಿದ್ದರು. ಡಿ ಅಂದರೆ ಡಿಲೈಟ್, ಆನಂದ ಎಂದು ಕಾಸೀಮಸಾಬರೇ ಒಮ್ಮೆ ಮ್ಯಾಟ್ರಿಕ್ ಪಾಸಾದ ಈ ಹುಡುಗಿಗೆ ಹೇಳಿದ್ದರು. ಅಂದಿನಿಂದ ಬಂದ ವರಗಳಿಗೆಲ್ಲ ಅವಳದು ಒಂದೇ ಪ್ರಶ್ನೆ. ಮೊದಲನೆಯವನು ಪೆಟ್ರೋಲಿನ ಗಾಡಿಯಲ್ಲಿ ಬಂದು "ಡೀಸೆಲ್" ಅಂದಿದ್ದ, ಅದೂ ಎದೆಯುಬ್ಬಿಸಿ. ಎರಡನೆಯವನು "ಡಾಕ್ಟರ ಗಾಡಿ" ಅಂದಿದ್ದ. ಇಬ್ಬರನ್ನೂ ಒಲ್ಲೆ ಎಂದಳು. ಗೊತ್ತಿಲ್ಲ ಎಂಬ ಮಾತು ಬಾಯಿಗೆ ಬಾರದ ಗಂಡಸಿನ ಜೊತೆ ಬಾಳುವುದೆಂದರೇನೆಂದು ಅವ್ವ ಮಥುರಾಬಾಯಿಯನ್ನು ನೋಡಿಯೇ ಅವಳು ಕಲಿತಿದ್ದಳು. ಅಪ್ಪ ವೆಂಕಣ್ಣನವರಿಗೆ ಜಗತ್ತಿನಲ್ಲಿ ತಿಳಿಯದ ವಿಷಯವೇ ಇರಲಿಲ್ಲ.

"ಈ ಸಲ ನೀ ಸುಮ್ನಿರಬೇಕು. ಹೂಂ ಅನ್ನಾಂವನೂ ನಾನ, ಒಲ್ಲೆ ಅನ್ನಾಂವನೂ ನಾನ," ಎಂದು ಅವರು ಬೆಳಿಗ್ಗೆಯೇ ತಾಕೀತು ಮಾಡಿದ್ದರು.

ವರ ಪ್ರಭಂಜನ ಅಣ್ಣಿಗೇರಿಯ ಶಾಲೆಯಲ್ಲಿ ಮಾಸ್ತರ. ಹೀರಾಬಾಯಿ ಶಿರಾ, ಉಪ್ಪಿಟ್ಟು ಕೊಟ್ಟು ಚಾಪೆಯ ಮೇಲೆ ಕೂತಳು.

"ಏನರೆ ಕೇಳೋದಿದ್ರ ಕೇಳವಾ," ಎಂದರು ವರನ ಕಾಕಾ ಬಾಳಕೃಷ್ಣ, ವಾಡಿಕೆಯ ಮಾತಿಗೆ.

"ನೀವು ಬಂದ ಗಾಡಿ ಹಿಂದ ಡಿ ಅಂತ ಅದಲ್ರಿ, ಹಂಗಂದ್ರೇನ್ರಿ?"

ವೆಂಕಣ್ಣನವರು ಕಣ್ಣು ಕೆಕ್ಕರಿಸಿದರು. ಆದರೆ ಪ್ರಶ್ನೆ ಎದುರಿಗಿದ್ದಾಗ ಅವರಿಂದ ಸುಮ್ಮನಿರುವುದು ಆಗುವುದುಂಟೇ?

"ಅದೇನ ದೊಡ್ಡ ಮಾತು! ಡಿ ಅಂದ್ರ ಧಾರವಾಡ!"

"ಹೌದ್ಹೌದು, ಧಾರವಾಡ," ಎಂದು ಕಾಕಾ ತಲೆದೂಗಿದರು. ಇನ್ನು ವರನೂ ಹೌದೆಂದರೆ ಮುಗಿಯಿತು.

"ನನಗ ಗೊತ್ತಿಲ್ರಿ," ಎಂದ ಪ್ರಭಂಜನ. "ಡಿ ಇದ್ದದ್ದನ್ನ ನಾ ನೋಡೇ ಇಲ್ಲ. ತಡೀರಿ, ನೋಡೇ ಬಿಡೂಣು."

ತಾಟು ಕೆಳಗಿಟ್ಟು ಬರಿಗಾಲಲ್ಲೇ ಹೊರಗೆ ನಡೆದ. ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಕರವಸ್ತ್ರದಿಂದ ಧೂಳು ಒರೆಸಿ, ಅಕ್ಷರದ ಮೇಲೆ ಬೆರಳಾಡಿಸಿದ. ಹೀರಾಬಾಯಿ ಹೊಸ್ತಿಲವರೆಗೆ ಓಡಿಯೇ ಬಂದಿದ್ದಳು.

"ನಿಮಗ ಗೊತ್ತಿರಬೇಕು, ಹೇಳ್ರಿ," ಎಂದ ಅವಳತ್ತ ತಿರುಗಿ.

ಹೇಳಿದಳು. ಅವನು ಬೀದಿಗೆಲ್ಲ ಕೇಳುವಂತೆ ನಕ್ಕ. "ಅಬಬಬಾ! ಗಾಡಿಗೆ ಎಂಥಾ ಹೆಸರಿಟ್ಟಾರಲ್ರಿ!" ಅವಳಿಗೆ ಕುಣಿಯಬೇಕೆನ್ನುವಷ್ಟು ಖುಷಿಯಾಯಿತು. ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು.

ಎಲ್ಲರೂ ಮತ್ತೆ ಪಡಸಾಲೆಯಲ್ಲಿ ಕೂತಾಗ ವೆಂಕಣ್ಣನವರ ಮುಖ ಊದಿಕೊಂಡಿತ್ತು.

"ಹೇಳಿ ಕಳಸ್ತೀವ್ರಿ," ಎಂದರು. ಒಲ್ಲೆ ಎನ್ನುವುದಕ್ಕೆ ಮರ್ಯಾದಸ್ಥರು ಆಡುವ ಮಾತು ಅದು. ಕಾಕಾ ಟೊಪ್ಪಿಗೆ ಎತ್ತಿಕೊಂಡರು.

ಒಮ್ಮೆ ಒಳಗೆ ಹೋದ ಕನ್ಯೆ ಮತ್ತೆ ಹೊರಗೆ ಬರುವ ಪದ್ಧತಿ ಆ ಮನೆಗಳಲ್ಲಿ ಇಲ್ಲ. ಹೀರಾಬಾಯಿ ಬಂದಳು, ಕೈಯಲ್ಲಿ ಶಿರಾದ ಪಾತೇಲಿ ಹಿಡಿದುಕೊಂಡು. ಅಪ್ಪನ, ಕಾಕಾನ ಕಣ್ಣೆದುರಿಗೇ ಪ್ರಭಂಜನನ ತಾಟಿಗೆ ಸೌಟು ತುಂಬ ಬಡಿಸಿದಳು. ಮತ್ತೊಂದು ಸೌಟು ಬಡಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಮಥುರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಏಳಲೆಂದು ಅರ್ಧ ಎದ್ದಿದ್ದ ಪ್ರಭಂಜನ ಮತ್ತೆ ಚಕ್ಕಳಮಕ್ಕಳ ಹಾಕಿ ಕೂತು, ತಾಟನ್ನು ಹತ್ತಿರಕ್ಕೆ ಎಳೆದುಕೊಂಡ.