ಪರ್ಲ್ ಮಂಡಿಯೂರಿದ್ದು

ಟೆಮುಕಾ ಎಂಬ ಊರಿನಲ್ಲಿ ಹಳೆಯ ಕಾರು ಸಾಕಿದವರಿಗೆಲ್ಲ ಒಂದು ಶಬ್ದ ಗೊತ್ತು. ರಸ್ತೆಯ ಉಬ್ಬು ದಾಟುವಾಗ ಮುಂದಿನ ಚಕ್ರದ ಹತ್ತಿರ ‘ಟಕ್’ ಅನ್ನುತ್ತದೆ. ಕೆಲವರು ಗಾಡಿ ನಿಲ್ಲಿಸಿ ನೋಡುತ್ತಾರೆ. ಕೆಲವರು ಹಾಡು ಗುನುಗುತ್ತಾರೆ. ಡೆಸ್ ಕರ್ನೋ ಗುನುಗುವವರ ಪೈಕಿ.

ಅವನ ಹಸಿರು ಮಾರಿಸ್ ಮೈನರ್ ಕಾರಿಗೆ ಪರ್ಲ್ ಎಂದು ಹೆಸರು. ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋದಾಗ ಡೆಸ್ ಅದರ ಹೊಟ್ಟೆಯಡಿ ಕನ್ನಡಿ ಹಾಸುತ್ತಿದ್ದ. ಬಂದವರು ಬಗ್ಗದೆಯೇ ಅಡಿಭಾಗ ನೋಡಿ ಮೆಚ್ಚಬೇಕು. ಅಲ್ಲಿ ಜಿಡ್ಡು ಕಂಡರೆ ತೀರ್ಪುಗಾರರು ಅಂಕ ಕಳೆಯುತ್ತಾರೆ. ಅದಕ್ಕೇ ಅವನು ಚಕ್ರದ ಕೀಲುಗಳಿಂದ ಉಕ್ಕಿದ ಗ್ರೀಸನ್ನು ಒರೆಸಿ ಒರೆಸಿ ಸಾಕಾಗಿ, ಕೊನೆಗೆ ಗ್ರೀಸ್ ಹಾಕುವುದನ್ನೇ ಬಿಟ್ಟುಬಿಟ್ಟಿದ್ದ.

ಶಾಲೆಯಿಂದಲೂ ಜೊತೆಗಿದ್ದ ಗೆಳತಿ ಗ್ಲೆನಿಸ್ ಒಂದು ದಿನ ಅವನ ಪಕ್ಕದಲ್ಲಿ ಕೂತು ಬರುತ್ತಿದ್ದಳು. ಅವಳ ಹತ್ತಿರವೂ ಅಂಥದೇ ಕಾರಿತ್ತು.

“ಇದೇನೋ ಶಬ್ದ, ಡೆಸ್?”

“ವಯಸ್ಸಾಯ್ತು ಕಣೇ. ನಿನ್ನ ಮಂಡಿ ಸದ್ದು ಮಾಡಲ್ವಾ?”

“ನನ್ನ ಮಂಡಿ ಮುರಿದ್ರೆ ನಾನೊಬ್ಬಳೇ ಬೀಳ್ತೀನಿ. ಗ್ರೀಸ್ ಹಾಕಿ ಎಷ್ಟು ಕಾಲ ಆಯ್ತು?”

“ಹಾಕಿದ್ರೆ ಕನ್ನಡಿ ಮೇಲೆ ತೊಟ್ಟಿಕ್ಕುತ್ತೆ. ವರ್ಷದ ತಪಾಸಣೆ ಪಾಸಾಗಿದೆಯಲ್ಲ, ಬಿಡು.”

“ಅದು ಅವತ್ತಿನ ಮಾತು. ಆ ಕೀಲು ತಿರುಪಿನ ಹಾಗೆ ಒಂದರೊಳಗೊಂದು ಕೂತಿರುತ್ತೆ. ಒಣಗಿದ್ರೆ ಹಲ್ಲು ಸವೆದು ಕಳಚ್ಕೊಳ್ಳುತ್ತೆ. ಜಾಕ್ ಹಾಕಿ, ಚಕ್ರ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡು, ಮಾರಾಯ.”

“ನಿನ್ನ ಗಾಡಿ ನೋಡಿದ್ರೆ ಕೋಳಿಗೂಡು. ನನಗೆ ಪಾಠ ಹೇಳೋಕೆ ಬಂದ್ಲು!”

ಹೆಂಡತಿ ನೋಲೀನ್ ಕೂಡ ಅದನ್ನೇ ಹೇಳಿ ಬೈಸಿಕೊಂಡಳು.

ಆ ಭಾನುವಾರ ಗ್ಲೆನಿಸಳ ತಾಯಿ ಐವಿಗೆ ತೊಂಬತ್ತು ತುಂಬಿತ್ತು. ಊರ ಸಭಾಂಗಣದಲ್ಲಿ ಊಟ. ಮದುವೆಯ ದಿನ ಇಂಥದೇ ಕಾರಿನಲ್ಲಿ ಹೋಗಿದ್ದೆ ಎಂದು ಅಜ್ಜಿ ಆಗಾಗ ನೆನೆಯುತ್ತಿದ್ದಳು. ಹೊಳೆಯಾಚೆಯ ಮನೆಯಿಂದ ಅವಳನ್ನು ನಾನೇ ಕರೆತರುತ್ತೇನೆ ಎಂದ ಡೆಸ್.

“ಚಕ್ರ ನೋಡಿದ್ಯಾ?” ಎಂದು ಗ್ಲೆನಿಸ್ ಕೇಳಿದಳು.

“ನೋಡ್ದೆ. ಗಟ್ಟಿಯಾಗಿದೆ.”

ಅವನು ನೋಡಿದ್ದು ಕನ್ನಡಿಯಲ್ಲಿ ಮಾತ್ರ. ಹೊಳೆಯುತ್ತಿತ್ತು, ಅಷ್ಟೇ.

ಅಜ್ಜಿಯನ್ನು ಹತ್ತಿಸಿಕೊಂಡು ಬರುವಾಗ ಒಪಿಹಿ ಹೊಳೆಯ ಸೇತುವೆಯ ಮೇಲೆ ಎದುರಿಗೆ ದೊಡ್ಡ ಹಾಲಿನ ಟ್ಯಾಂಕರ್ ಬಂತು. ಪರ್ಲ್ ಬದಿಗೆ ಸರಿದು ನೇರವಾಗಿ ಓಡಿತು. ಸಭಾಂಗಣದ ಗೇಟಿನೊಳಗೆ, ಜಲ್ಲಿಯ ಮೇಲೆ, ಡೆಸ್ ನಿಧಾನವಾಗಿ ಸ್ಟೇರಿಂಗ್ ಪೂರ್ತಿ ತಿರುಗಿಸಿದ. ‘ಠಕ್!’ ಮುಂದಿನ ಚಕ್ರ ಒಳಗೆ ಮಡಚಿಕೊಂಡಿತು. ಮೂತಿ ನೆಲಕ್ಕೆ ಬಡಿಯಿತು. ಅಜ್ಜಿಯ ಮಡಿಲಲ್ಲಿದ್ದ ಕೆನೆ ತುಂಬಿದ ಪಾವ್ಲೋವಾ ಕೇಕು ಹಾರಿ ಗಾಜಿಗೆ ಮೆತ್ತಿತು, ಅವಳ ಹಣೆ ಮುಂದಕ್ಕೆ ಹೋಗಿ ಡ್ಯಾಶ್‌ಬೋರ್ಡಿಗೆ ತಗುಲಿತು.

“ಬಂದ್ವಾ? ಇಲ್ಲೇ ಇಳಿಯೋದಾ?” ಎಂದಳು ಐವಿ.

ತಟ್ಟೆ ಹಿಡಿದವರೆಲ್ಲ ಹೊರಗೋಡಿ ಬಂದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಡೆಸ್‌ಗೆ ಎಷ್ಟೋ ಹಗುರವಾಗುತ್ತಿತ್ತು. ತಾಯಿಯ ಹಣೆಯ ಬುಗುಟಿಗೆ ಐಸ್ ಒತ್ತುತ್ತ ಗ್ಲೆನಿಸ್ ತಲೆಯೆತ್ತದೆ ಕೇಳಿದಳು: “ನೋಡ್ದೆ ಅಂದ್ಯಲ್ಲೋ?”

“ನೋಡಿರ್ಲಿಲ್ಲ.”

ಸೇತುವೆಯ ಮೇಲೆ ಇದೇ ಆಗಿದ್ದರೆ? ಎದುರಿಗೆ ಬಂದ ಆ ಟ್ಯಾಂಕರ್ ಅವನ ಕಣ್ಣಿಗೆ ಕಟ್ಟಿತು. ನಾಚಿಕೆಯಿಂದ ಅವನು ಊಟದ ಹತ್ತಿರವೂ ಸುಳಿಯಲಿಲ್ಲ, ಹಿತ್ತಿಲ ನಲ್ಲಿಯ ಬಳಿ ನಿಂತು ಸುಮ್ಮನೆ ಕೈ ತೊಳೆಯುತ್ತಿದ್ದ. ಆಮೇಲೂ ಬಹಳ ದಿನ ಪೇಟೆಯಲ್ಲಿ ಎದುರಾದವರ ಮುಖ ನೋಡಲಾಗಲಿಲ್ಲ.

ರಿಪೇರಿಗೆ ಕರೆಯುವ ಮುಖವೂ ಅವನಿಗಿರಲಿಲ್ಲ. ಗ್ಲೆನಿಸ್ ತಾನಾಗಿಯೇ ಬಂದಳು. “ಬರೀ ಜಾಕ್ ನಂಬಿ ಕಾರಿನಡಿ ನುಗ್ಗಬೇಡ. ಭಾರ ಹೊರೋ ಸ್ಟ್ಯಾಂಡ್ ಕೊಡು” ಎಂದಳು. ಕೀಲು ಬಿಚ್ಚಿ ಅವನ ಅಂಗೈಗೆ ಹಾಕಿದಳು. ಹಲ್ಲೆಲ್ಲ ಸವೆದು ನುಣ್ಣಗಾಗಿತ್ತು. ಜಿಡ್ಡಿನ ಗುರುತೂ ಇರಲಿಲ್ಲ.

“ಎಷ್ಟು ಕ್ಲೀನಾಗಿದೆ ನೋಡು” ಎಂದಳು.

“ಆ ಕಡೇದು ಮುರಿದಿಲ್ವಲ್ಲ, ಅದು ಇರ್ಲಾ?” ಎಂದು ಟೀ ತಂದ ನೋಲೀನ್ ಕೇಳಿದಳು.

“ಎರಡೂ ಓಡಿದ್ದು ಒಂದೇ ರಸ್ತೆ ಕಣೇ, ಗ್ರೀಸಿಲ್ದೇನೇ. ಎರಡನ್ನೂ ಬದಲಾಯಿಸ್ಬೇಕು” ಎಂದಳು ಗ್ಲೆನಿಸ್.

ಬದಲಾಯಿಸಿದರು. ಚಕ್ರ ನೆಲ ಬಿಟ್ಟಿರುವಾಗಲೇ, ಅಂಚಿನಿಂದ ಉಕ್ಕುವವರೆಗೆ ಗ್ರೀಸ್ ತುಂಬಿದರು. ಅಲೈನ್‌ಮೆಂಟ್ ಮಾಡಿಸಿದರು. ‘ಟಕ್’ ಹೋಯಿತು.

ಆಮೇಲೆ ಡೆಸ್ ಅಜ್ಜಿಯ ಬಾಗಿಲಿಗೆ ಹೋಗಿ ನಿಂತ. “ತಪ್ಪಾಯ್ತಮ್ಮ. ಸುಳ್ಳು ಹೇಳಿ ನಿಮ್ಮನ್ನ ಹತ್ತಿಸ್ಕೊಂಡೆ.”

“ನಾನು ನಂಬಿದ್ದು ನಿನ್ನ ಕಾರನ್ನಲ್ಲ ಕಣಪ್ಪ, ನಿನ್ನ ಮಾತನ್ನ.” ಅಜ್ಜಿ ಹೊರಗೆ ನಿಂತಿದ್ದ ಪರ್ಲ್ ಕಡೆ ಕಣ್ಣು ಹಾಯಿಸಿದಳು. “ಈಗಾದ್ರೂ ನೋಡಿದ್ಯಾ?”

“ನೋಡಿದೀನಿ. ಗ್ಲೆನಿಸೂ ನೋಡಿದಾಳೆ.”

“ಹಾಗಾದ್ರೆ ನನ್ನ ಕೋಲು ಕೊಡು.”

ಮುಂದಿನ ಪ್ರದರ್ಶನದಲ್ಲಿ ಕನ್ನಡಿಯ ಮೇಲೆ ಗ್ರೀಸ್ ತೊಟ್ಟಿಕ್ಕಿತು. ತೀರ್ಪುಗಾರರು ಅಂಕ ಕಳೆದರು. ಒರೆಸಲು ಬಟ್ಟೆ ತಂದುಕೊಟ್ಟವರಿಗೆ, “ಇರ್ಲಿ ಬಿಡಿ, ಅದು ಅಲ್ಲೇ ಇರಬೇಕು” ಎಂದ ಡೆಸ್.

ನಿಮ್ಮ ಮನೆಯಲ್ಲೂ ಹಳೆಯ ಕಾರಿದೆಯೇ? ಮುಂದಿನ ಚಕ್ರದಲ್ಲಿ ಸದ್ದು ಬಂದರೆ, ಸ್ಟೇರಿಂಗ್ ಸಡಿಲವಾದರೆ, ಟೈರು ಒಂದೇ ಅಂಚಿನಲ್ಲಿ ಸವೆದರೆ ಹಾಡು ಗುನುಗಬೇಡಿ. ಗಾಡಿ ನಿಲ್ಲಿಸಿ, ಬಲ್ಲವರಿಗೆ ತೋರಿಸಿ. ಕಾಲಕಾಲಕ್ಕೆ ಕೀಲುಗಳಿಗೆ ಗ್ರೀಸ್ ಹಾಕಿ. ನಿಮ್ಮ ಕಾರು ಹತ್ತುವ ಅಜ್ಜಿ ಅದರಡಿಗೆ ಬಗ್ಗಿ ನೋಡುವುದಿಲ್ಲ, ನಿಮ್ಮ ಮಾತು ನಂಬಿ ಹತ್ತುತ್ತಾಳೆ. ಬಗ್ಗಿ ನೋಡಬೇಕಾದವರು ನೀವು.