ಏಳನೇ ಟೇಕ್

“ಆ ಧಡ್ ಅನ್ನೋ ಸೌಂಡ್ ಇದೆಯಲ್ಲ ಋಷಿ, ಫಿಲಂ ನಿಂತಿರೋದೇ ಅದರ ಮೇಲೆ ಕಣೋ,” ಎಂದಳು ಫೋನಿನಲ್ಲಿ ಸಮೀಕ್ಷಾ. “ಕ್ಲೈಂಟ್ ನಾಲ್ಕು ಸಲ ಹಾಕಿಸ್ಕೊಂಡು ಕೇಳಿದ್ರು. ನಾಳೆ ರಿಲೀಸ್.”

ಋಷಿಕೇಶ್ ಮೌಸ್ ಹಿಡಿದ ಕೈಯನ್ನು ತೊಡೆಗೆ ಒರೆಸಿಕೊಂಡ. ಎದುರಿನ ಪರದೆಯಲ್ಲಿ ಕಬ್ಬಿಣದ ಕಂಬಿ ಹೊತ್ತ ಹೆಗಲು, ಬೆವರಿದ ಕತ್ತು, ಕೊನೆಗೆ ಚಾಚಿದ ಎರಡು ಅಂಗೈ. ಅದರ ಕೆಳಗೆ ‘ದುಡಿಯುವ ಕೈಗಳಿಗೆ ನಮಸ್ಕಾರ’. ಮೂವತ್ತು ಸೆಕೆಂಡಿನ ಜಾಹೀರಾತು. ಅದರಲ್ಲಿ ತಬಲಾ ಇಲ್ಲ, ಡ್ರಮ್ ಇಲ್ಲ. ತಾಳವೆಲ್ಲ ಪೀಣ್ಯದಲ್ಲಿ ತಗಡು ಒತ್ತುವ ಒಂದು ಪವರ್ ಪ್ರೆಸ್ಸಿನದು.

ಬಾಗಿಲು ತಟ್ಟಿದ ಸದ್ದಾಯಿತು. ಫೋನು ಕಿವಿಗಿಟ್ಟುಕೊಂಡೇ ಹೋಗಿ ತೆರೆದ. ಹೊರಗೆ ಯಮನೂರ ನಿಂತಿದ್ದ. ಬಲಗೈಗೆ ದಪ್ಪ ಬ್ಯಾಂಡೇಜು, ಅದನ್ನು ಮುಚ್ಚಲು ಹೆಗಲ ಮೇಲಿಂದ ಇಳಿಬಿಟ್ಟ ಟವೆಲು. ಅವನ ಹಿಂದೆ ಎರಡು ಮೆಟ್ಟಿಲು ಕೆಳಗೆ ಒಬ್ಬ ಹೆಂಗಸು, ಗಾರ್ಮೆಂಟ್ಸಿನ ಗುರುತಿನ ಚೀಟಿಯನ್ನು ಕೊರಳಿಂದ ತೆಗೆಯದೇ ಬಂದಿದ್ದಳು.

“ಆಮೇಲೆ ಮಾಡ್ತೀನಿ ಸಮೀಕ್ಷಾ,” ಎಂದು ಋಷಿಕೇಶ್ ಫೋನಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅಂದಿರಲಿಲ್ಲ. ಆದರೂ ಅವನು ಮೊದಲು ಮಾಡಿದ ಕೆಲಸ, ಓಡಿಹೋಗಿ ಪರದೆಯನ್ನು ಆರಿಸಿದ್ದು.

“ನಮಸ್ಕಾರ್ರೀ ಸಾರ್. ಇಕಿ ಮಹಾದೇವಿ ಅಂತ, ನಮ್ಮ ಮನಿಯಾಕಿ,” ಎಂದ ಯಮನೂರ. “ಹತ್ತು ಮಿನಿಟ್ ಅಷ್ಟsರೀ.”

ಸ್ಟುಡಿಯೋದಲ್ಲಿ ಇದ್ದದ್ದು ಎರಡೇ ಕೋಣೆ. ದಾಸರಹಳ್ಳಿ ಮೆಟ್ರೋದಿಂದ ಎರಡು ಅಡ್ಡರಸ್ತೆ ದಾಟಿದರೆ ಸಿಗುವ ಬೇಕರಿಯ ಮೇಲಿನ ಎರಡನೇ ಮಹಡಿ ಅದು. ಮುಂದಿನ ಕೋಣೆಯಲ್ಲಿ ಕಂಪ್ಯೂಟರು, ಸ್ಪೀಕರು, ಒಂದೇ ಒಂದು ಕುರ್ಚಿ. ದಪ್ಪ ಗಾಜಿನ ಆಚೆಗೆ ಹಾಡುವವರು ನಿಲ್ಲುವ ಕೋಣೆ, ಅಲ್ಲಿ ಎರಡು ಸ್ಟೂಲು, ಒಂದು ಮೈಕು. ಋಷಿಕೇಶ್ ಇಬ್ಬರನ್ನೂ ಗಾಜಿನಾಚೆ ಕೂರಿಸಿದ. ಕುರ್ಚಿ ಇಲ್ಲವೆಂಬುದು ನೆಪ. ಯಾರಾದರೂ ಮೆಟ್ಟಿಲೇರಿ ಬಂದರೆ ಆ ಬ್ಯಾಂಡೇಜು ಮೊದಲು ಕಣ್ಣಿಗೆ ಬೀಳಬಾರದು ಎಂಬುದು ನಿಜ. ಹಾಗೆ ಯೋಚಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಮೂರು ವಾರದ ಹಿಂದಿನ ಮಾತು. ಕಂಬಿ ಕಂಪನಿಯ ಜಾಹೀರಾತಿಗೆ ಯಂತ್ರದ ಸದ್ದಿನ ಸಂಗೀತ ಬೇಕು ಎಂದು ಸಮೀಕ್ಷಾಳ ಏಜೆನ್ಸಿ ಕೇಳಿತ್ತು. ಋಷಿಕೇಶ್‌ಗೆ ನರೇಶ್ ನೆನಪಾದ. ಇಬ್ಬರ ಅಪ್ಪಂದಿರೂ ಒಂದೇ ಸರ್ಕಾರಿ ಕಾರ್ಖಾನೆಯವರು, ಇಬ್ಬರೂ ಒಂದೇ ಕ್ವಾರ್ಟರ್ಸಿನಲ್ಲಿ ಗೋಲಿ ಆಡಿದವರು. ಈಗ ನರೇಶ್‌ಗೆ ಪೀಣ್ಯ ಎರಡನೇ ಹಂತದಲ್ಲಿ ನಾಲ್ಕು ಪ್ರೆಸ್ಸಿನ ಶೆಡ್ಡಿದೆ. “ಬಾ ಮಗಾ, ಊಟದ ಟೈಮಲ್ಲಿ ಒಂದು ಮೆಷಿನ್ ಬಿಟ್ಟು ಎಲ್ಲಾ ನಿಲ್ಲಿಸ್ಕೊಡ್ತೀನಿ,” ಅಂದಿದ್ದ. ಹೇಳಿದಂತೆ ನಿಲ್ಲಿಸಿಕೊಟ್ಟು, ತಾನು ಬ್ಯಾಂಕಿಗೆ ಹೋಗಿದ್ದ.

ಆ ಒಂದು ಮೆಷಿನ್ನಿನ ಮುಂದೆ ಇದ್ದವನು ಯಮನೂರ, ಕುಷ್ಟಗಿ ಕಡೆಯವನು. ಋಷಿಕೇಶ್ ಅವನಿಗೆ ತನ್ನ ಕಸುಬಿನ ಕ್ರಮ ಹೇಳಿಕೊಟ್ಟ. ‘ನಾನು ಕೈ ಎತ್ತಿದರೆ ಯಾರೂ ಮಾತಾಡಬಾರದು, ಕೆಮ್ಮಬಾರದು. ಕೈ ಇಳಿಸಿದಾಗ ಪೆಡಲ್ ಒತ್ತಿ.’ ಯಮನೂರನಿಗೆ ಇದು ಬಹಳ ಹಿಡಿಸಿತು. ಎರಡನೇ ಟೇಕಿನ ಹೊತ್ತಿಗೆ ಬುತ್ತಿ ಬಿಚ್ಚಿ ಕೂತಿದ್ದವರಿಗೆಲ್ಲ ಅವನೇ ಕೈ ಎತ್ತಿ ಸುಮ್ಮನಿರಿಸತೊಡಗಿದ. ಖಾಲಿ ಅಚ್ಚಿನ ಮೇಲೆ ಪ್ರೆಸ್ಸು ಬೀಳುತ್ತಿತ್ತು. ಸದ್ದು ಚಿನ್ನದಂಥದ್ದು, ಆದರೆ ಪ್ರತಿ ಏಟಿಗೂ ಮುಂಚೆ ಒಂದು ಬೀಪ್. ಒಳಗೆ ಕೈ ಇದ್ದರೆ ಮೆಷಿನ್ ನಿಲ್ಲಿಸುವ ಸೆನ್ಸರಿನದು. ಆರು ಟೇಕುಗಳನ್ನು ಅದು ಕೆಡಿಸಿತು.

ಏಳನೆಯದಕ್ಕೆ ಮುಂಚೆ ಋಷಿಕೇಶ್ ಆ ಸೆನ್ಸರನ್ನು ಆರಿಸಿದ. ಟೇಕು ಸಿಕ್ಕಿತು. ಹೆಡ್‌ಫೋನಿನಲ್ಲಿ ಕೇಳಿ ಖುಷಿಯಲ್ಲಿ ತಲೆಯಾಡಿಸುತ್ತಲೇ ವೈರು ಸುತ್ತಿ, ಎಲ್ಲರಿಗೂ ಕೈ ಬೀಸಿ, ಹೊರಟ. ಸ್ವಿಚ್ಚು ಆರಿಯೇ ಇತ್ತು. ಊಟ ಮುಗಿಸಿ ಯಮನೂರ ಕಿವಿಗೆ ಹತ್ತಿ ತುರುಕಿಕೊಂಡು ಕೆಲಸಕ್ಕೆ ನಿಂತ. ಬೀಪ್ ಬರುತ್ತಿಲ್ಲ ಎಂದು ಅವನಿಗೆ ಗೊತ್ತಾಗುವುದರೊಳಗೆ ಎರಡು ಬೆರಳು ಹೋಗಿದ್ದವು.

ಎರಡು ದಿನ ಬಿಟ್ಟು ನರೇಶ್ ಫೋನ್ ಮಾಡಿದ್ದ. “ಮಗಾ, ಸೆನ್ಸರ್ ಆಫ್ ಮಾಡಿದ್ದು ರೆಕಾರ್ಡಿಂಗ್ ಸಾರು ಅಂತಾನೆ ಆ ಯಮನೂರ. ಹೌದೇನೋ?”

“ನಂಗೆ ನೆನಪಿಲ್ಲ ಕಣೋ,” ಅಂದಿದ್ದ ಋಷಿಕೇಶ್.

“ಅದೇ ಅಂದ್ಕೊಂಡೆ. ಜಾಸ್ತಿ ಪೀಸ್ ಹೊಡೆಯೋಕೆ ಇವರೇ ಆಫ್ ಮಾಡ್ಕೊಂಡು ಆಮೇಲೆ ಕತೆ ಕಟ್ತಾರೆ.”

ನೆನಪಿಲ್ಲ ಅಂದಿದ್ದೇನೆ, ಇಲ್ಲ ಅಂದಿಲ್ಲವಲ್ಲ ಎಂದು ಋಷಿಕೇಶ್ ಮೂರು ವಾರದಿಂದ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಮನಸ್ಸು ಕೇಳಿರಲಿಲ್ಲ. ಪೊಲೀಸು, ಕೇಸು, ಏಜೆನ್ಸಿಯ ಕಿವಿಗೆ ಬಿದ್ದರೆ ಕೈತಪ್ಪುವ ಕೆಲಸ, ಇವೆಲ್ಲ ಕಣ್ಣ ಮುಂದೆ ಬಂದಿದ್ದು ನಿಜ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಫೋನಿಟ್ಟ ಮೇಲೆ ಅವನು ಅದೇ ಏಳನೇ ಟೇಕನ್ನು ತೆಗೆದು ತಾಳ ಜೋಡಿಸಲು ಕೂತಿದ್ದ.

“ಹೇಳಿ ಅಣ್ಣ,” ಎಂದ ಈಗ, ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು.

“ಕೆಲಸದ ಮಾತು ಕೇಳಾಕ ಬಂದಿಲ್ಲರೀ. ಸಾಹುಕಾರ್ರು ಬ್ಯಾಡ ಅಂದಾರ, ಆತು,” ಎಂದ ಯಮನೂರ. “ಅವತ್ತಿನ ಸೌಂಡ್ ಐತಲ್ರೀ, ಅದನ್ನ ಇಕಿಗೆ ಒಮ್ಮಿ ಕೇಳಸ್ರಿ. ಸೌಂಡಿಗಿಂತ ಮದಲ ನೀವು ನಾನು ಮಾತಾಡೀವಲ್ಲ, ಅದು.”

ಮಹಾದೇವಿ ನೆಲ ನೋಡುತ್ತಲೇ ಬಾಯಿ ತೆರೆದಳು. “ನಮ್ಮ ವಠಾರದಾಗ ಒಬ್ಬಾಂವ ಹಿಂಗs ಸೆನ್ಸರ್ ಬಂದ್ ಮಾಡಿ ಮುಂಗೈ ಕಳಕೊಂಡ್ರಿ. ಅವತ್ತ ಇವನ ಕಡೆಯಿಂದ ಮಗಳ ತಲಿ ಮುಟ್ಟಿಸಿ ಆಣಿ ಮಾಡಿಸಿದ್ದೆ, ಅದನ್ನ ಎಂದೂ ಮುಟ್ಟಂಗಿಲ್ಲ ಅಂತ. ಈಗ ಮಗಳಿಗೆ ಎಂಟು ದಿನದಿಂದ ಜ್ವರ ರೀ. ಔಷಧ ಕುಡಿಸೇನಿ, ಇಳಿವಲ್ದು. ರೊಕ್ಕದ ಆಸೆಗೆ ಆಣಿ ಮುರದಾನ ಅಂತ ನಾನು. ಇಲ್ಲ ಅಂತ ಇವನು.” ಸ್ವಲ್ಪ ತಡೆದಳು. “ಬೆರಳು ಹೋದ್ರ ಹೋಗ್ಲಿ ಸಾರ್. ಇವನ ಸಂಗಾಟ ನಾ ಹೆಂಗ ಬಾಳೇ ಮಾಡ್ಲಿ ಹೇಳ್ರಿ.”

ಪರಿಹಾರ ಕೇಳಿದ್ದರೆ, ಬೈದಿದ್ದರೆ, ಋಷಿಕೇಶ್ ಬಳಿ ಉತ್ತರವಿತ್ತು. ಈ ಮೂರು ವಾರದಲ್ಲಿ ಎಷ್ಟೋ ಉತ್ತರ ತಯಾರು ಮಾಡಿಟ್ಟುಕೊಂಡಿದ್ದ. ಅವಳು ಕೇಳಿದ್ದು ಬೇರೆ.

“ನೋಡ್ತೀನಿ,” ಎಂದು ಈಚೆ ಬಂದು, ಪರದೆಯನ್ನು ಮತ್ತೆ ಬೆಳಗಿಸಿ, ಜಾಹೀರಾತಿಗೆ ಬಳಸಿದ ಫೈಲನ್ನು ಹಾಕಿದ. ಸದ್ದಿನ ಹಿಂದುಮುಂದನ್ನು ಕತ್ತರಿಸಿ, ತೊಳೆದು ಒರೆಸಿ, ಹೆಸರು ಬರೆದು ಇಡುವುದು ಅವನ ಕಸುಬು. ಒಳಗಿನ ಸ್ಪೀಕರಿನಲ್ಲಿ ಪ್ರೆಸ್ಸು ಒಂದು ಸಲ ಧಡ್ ಎಂದಿತು. ಮಹಾದೇವಿ ಬೆಚ್ಚಿ ಗಂಡನ ತೋಳು ಹಿಡಿದು, ಮರುಕ್ಷಣವೇ ಬಿಟ್ಟಳು.

“ಸೌಂಡಿಗೆ ಮುಂಚಿನ ಮಾತೆಲ್ಲ ಕಟ್ ಮಾಡ್ಬಿಡ್ತೀವಿ ಅಣ್ಣ,” ಎಂದ ಋಷಿಕೇಶ್ ಗುಂಡಿ ಒತ್ತಿ, ಅವರಿಗೆ ಕೇಳುವಂತೆ. “ಸೌಂಡ್ ಮಾತ್ರ ಇಟ್ಕೊಳ್ಳೋದು. ಆದ್ರೂ ಇರಿ, ಹಳೇ ಡಿಸ್ಕಲ್ಲಿ ಹುಡುಕ್ತೀನಿ.”

ಹುಡುಕುವುದೇನೂ ಇರಲಿಲ್ಲ. ರೆಕಾರ್ಡರ್ ಶುರುಮಾಡಿದಲ್ಲಿಂದ ವೈರು ಸುತ್ತುವವರೆಗಿನ ಇಡೀ ಫೈಲು ತಾರೀಖಿನ ಸಮೇತ ಕಣ್ಣೆದುರೇ ಇತ್ತು. ಅದನ್ನು ಅಳಿಸಬೇಕು ಅಂತ ಎಷ್ಟು ಸಲ ಅಂದುಕೊಂಡಿದ್ದನೋ. ಕೈ ಬಂದಿರಲಿಲ್ಲ. ಐದು ನಿಮಿಷ ಸುಮ್ಮನೆ ಕೂತು, ಸಿಗಲಿಲ್ಲ ಎಂದು ಹೇಳಿ ಕಳಿಸಿದರಾಯಿತು ಎಂದು ಗಾಜಿಗೆ ಬೆನ್ನು ಹಾಕಿದ.

ಬೆಳಿಗ್ಗೆ ಒಬ್ಬಳ ಧ್ವನಿ ಮುದ್ರಿಸಿದ ಮೇಲೆ ಒಳಗಿನ ಮೈಕನ್ನು ಅವನು ಆರಿಸಿರಲಿಲ್ಲ. ಆರಿಸುವುದನ್ನೂ ಹಾಕುವುದನ್ನೂ ಮರೆಯುವುದು ಅವನಿಗೆ ಹೊಸದೇನಲ್ಲ. ಅವನ ತಲೆಯ ಎರಡೂ ಬದಿಯ ಸ್ಪೀಕರಿನಲ್ಲಿ ಆ ಇಬ್ಬರ ಉಸಿರು, ಬಳೆ ಸದ್ದು, ಎಲ್ಲ ಸ್ಪಷ್ಟವಾಗಿ ಬರುತ್ತಿತ್ತು.

“ಅರ್ಧ ದಿನದ ಪಗಾರ ಬಿಟ್ಟು ಬಂದೆ. ಎಲ್ಲೈತಿ ನಿನ್ನ ಮಾತು?”

“ಇತ್ತು. ಅವರು ಕತ್ತರಿಸ್ಯಾರಂತ.”

“ಖರೆ ಹೇಳು ಯಮನೂರ. ಒಂದs ಸರ್ತಿ ಖರೆ ಹೇಳು. ನಾ ಬೈಯಂಗಿಲ್ಲ. ತಪ್ಪು ಕಾಣಿಕಿ ಕಟ್ಟಿದ್ರ ಕೂಸಿನ ಜ್ವರ ಇಳೀತೈತಿ.”

ಸ್ಪೀಕರಿನಲ್ಲಿ ಸ್ಟೂಲು ಕಿರುಗುಟ್ಟಿದ್ದಷ್ಟೇ ಕೇಳಿಸಿತು. ಹೊರಗಿನ ಒಂದು ಲಾರಿಯ ಹಾರ್ನೂ ಒಳಬರದಂತೆ ಕಟ್ಟಿದ ಕೋಣೆ ಅದು.

“ಆತು, ನಾನs ಬಂದ್ ಮಾಡಿದ್ದೆ,” ಎಂದ ಯಮನೂರ ಕೊನೆಗೆ. “ಸಾಕಲ್ಲ? ಕಾಣಿಕಿ ಕಟ್ಟು, ನಡಿ. ಸಾರ್‌ಗೆ ಸುಮ್ನ ತ್ರಾಸ ಕೊಟ್ವಿ.”

ಋಷಿಕೇಶ್ ತಲೆ ತಗ್ಗಿಸಿದ. ಮಾಡದ ತಪ್ಪನ್ನು ಒಬ್ಬ ಎಷ್ಟು ಮೆತ್ತಗೆ ಒಪ್ಪಿಕೊಂಡುಬಿಟ್ಟ, ಅದೂ ತನಗೆ ತ್ರಾಸವಾಗಬಾರದೆಂದು. ಮಾಡಿದ ತಾನು ಮಾತ್ರ ಇಲ್ಲಿ ಮೆತ್ತನೆಯ ಕುರ್ಚಿಯಲ್ಲಿ ಕೂತು ಹುಡುಕುವ ನಾಟಕ ಆಡುತ್ತಿದ್ದೇನೆ ಅನ್ನಿಸಿ ಅಸಹ್ಯವಾಯಿತು. ಗಾಜಿನಾಚೆ ಇಬ್ಬರೂ ಎದ್ದಿದ್ದರು. ಯಮನೂರ ಎಡಗೈಯಲ್ಲಿ ಟವೆಲು ಸರಿಮಾಡಿಕೊಳ್ಳುತ್ತಿದ್ದ.

ಋಷಿಕೇಶ್ ಇಡೀ ಫೈಲು ತೆರೆದು, ಏಳನೆಯದರ ಹಿಂದಕ್ಕೆ ಹೋಗಿ, ಒಳಗಿನ ಸ್ಪೀಕರಿಗೆ ಬಿಟ್ಟ.

ಮೊದಲು ಶೆಡ್ಡಿನ ಗಾಳಿ, ಬುತ್ತಿ ಮುಚ್ಚಳದ ಸದ್ದು. ಆಮೇಲೆ ಅವನದೇ ಧ್ವನಿ, ಚುರುಕಾದ, ಅವಸರದ ಧ್ವನಿ. “ಅಣ್ಣ, ಈ ಬೀಪು ಎಲ್ಲಾ ಹಾಳು ಮಾಡ್ತಿದೆ. ಆಫ್ ಮಾಡ್ಬಿಡಿ.”

“ಬ್ಯಾಡ್ರೀ ಸಾರ್. ಅದನ್ನ ಮುಟ್ಟಂಗಿಲ್ಲ. ಮಗಳ ಮ್ಯಾಲೆ ಆಣಿ ಮಾಡೀನಿ.”

“ಅಯ್ಯೋ, ನೀವು ಮುಟ್ಬೇಡಿ. ಸ್ವಿಚ್ ಎಲ್ಲಿದೆ? ಇದಾ? ನಾನೇ ಮಾಡ್ತೀನಿ ಬಿಡಿ. ಹೋಗ್ತಾ ನಾನೇ ಆನ್ ಮಾಡಿ ಹೋಗ್ತೀನಿ.”

ಟಿಕ್.

“ಟೇಕ್ ಏಳು.”

ಪ್ರೆಸ್ಸು ಬೀಳುವ ಮುಂಚೆಯೇ ಋಷಿಕೇಶ್ ನಿಲ್ಲಿಸಿದ. ತಲೆ ಎತ್ತಲು ಧೈರ್ಯ ಬರಲಿಲ್ಲ. ಸ್ಪೀಕರಿನಲ್ಲಿ ಒಂದು ಉಸಿರು ಎಳೆದದ್ದು ಕೇಳಿಸಿತು, ಯಾರದೆಂದು ತಿಳಿಯಲಿಲ್ಲ. ಕೊನೆಗೆ ನೋಡಿದಾಗ ಮಹಾದೇವಿ ಮತ್ತೆ ಸ್ಟೂಲಿನ ಮೇಲೆ ಕೂತಿದ್ದಳು. ಗಂಡನ ಬ್ಯಾಂಡೇಜಿನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಿದ್ದಳು.

ಅವಳು ಗಾಜಿನ ಕಡೆ ತಿರುಗಿದಳು. ಬೈಯಲಿಲ್ಲ. ಕುಪ್ಪಸದೊಳಗಿಂದ ತನ್ನ ಮೊಬೈಲು ತೆಗೆದು, ರೆಕಾರ್ಡ್ ಮಾಡುವ ಗುಂಡಿಯನ್ನು ಹುಡುಕಿ, ಅದನ್ನು ಸ್ಪೀಕರಿನ ಹತ್ತಿರ ಹಿಡಿದಳು.

“ಇನ್ನೊಮ್ಮಿ ಹಚ್ರಿ,” ಎಂದಳು. “ಮದಲಿಂದ.”

ಮೇಜಿನ ಮೇಲೆ ಋಷಿಕೇಶ್‌ನ ಫೋನು ಗುಂಯ್ ಎಂದಿತು. ಸಮೀಕ್ಷಾ. ಅವನು ಅದನ್ನು ಮಗುಚಿಟ್ಟು ಮೌಸ್ ಹಿಡಿದ.

ಒಳಗೆ ಯಮನೂರ ಮೈಕಿನ ಪಕ್ಕದಲ್ಲಿ ನೆಟ್ಟಗೆ ನಿಂತ. ಹೆಂಡತಿಯ ಕಡೆ ಒಮ್ಮೆ, ಗಾಜಿನಾಚೆ ಒಮ್ಮೆ ನೋಡಿ, ಎಲ್ಲರೂ ಸುಮ್ಮನಿರಲಿ ಎಂದು ಬ್ಯಾಂಡೇಜಿನ ಕೈಯನ್ನು ಮೇಲಕ್ಕೆತ್ತಿದ.