ಬೆಳಗಿನ ಅಂಕಿ, ಮಧ್ಯಾಹ್ನದ ಅಂಕಿ

ಸುರಪುರದ ಒಂದು ಖಾಸಗಿ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಮಲ್ಲೇಶ್ವರಿ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ತಗಡಿನ ಸೂರಿನ ಕೆಳಗೆ ಇಪ್ಪತ್ತು ಹಳೆಯ ಯಂತ್ರಗಳು. ಏಪ್ರಿಲ್ ಕೊನೆಗೆ ಅಲ್ಲೇ ಆನ್‌ಲೈನ್ ಪರೀಕ್ಷೆ. ಪ್ರಶ್ನೆಪತ್ರಿಕೆ ತೆರೆಯಲು ಅರವತ್ತು ಸೆಕೆಂಡು ಮೀರಿದರೆ ಪರೀಕ್ಷೆಯನ್ನು ಯಾದಗಿರಿಗೆ ಒಯ್ಯುತ್ತೇವೆಂದು ಪರೀಕ್ಷಾ ಮಂಡಳಿಯಿಂದ ಪತ್ರ ಬಂದಿತ್ತು; ಅಳೆದ ಅಂಕಿಗಳನ್ನು ಮೊದಲೇ ಕಳಿಸಬೇಕಿತ್ತು.

ಮಲ್ಲೇಶ್ವರಿ ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಕಾರ್ಯಾಚರಣೆ ವ್ಯವಸ್ಥೆಗಳನ್ನು ತಲಾ ಹತ್ತು ಸಲ ಓಡಿಸಿ ನೋಡಿದಳು. ವಿಂಡೋಸಿನಲ್ಲಿ ಪತ್ರಿಕೆ ತೆರೆಯಲು ಸರಾಸರಿ ತೊಂಬತ್ತೆರಡು ಸೆಕೆಂಡು, ಲಿನಕ್ಸಿನಲ್ಲಿ ಐವತ್ತೊಂದು. ಖುಷಿಯಲ್ಲಿ ಇಪ್ಪತ್ತೂ ಯಂತ್ರಗಳಲ್ಲಿ ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿದಳು.

"ಇಲ್ಲೇ ಆಗ್ತದಲ್ರಿ ಮೇಡಂ?" ಎಂಟು ತಿಂಗಳ ಬಸುರಿ ವಿದ್ಯಾರ್ಥಿನಿ ಸಾಯಬಮ್ಮ ಕೇಳಿದಳು. "ಯಾದಗಿರಿ ತನಕ ಬಸ್ಸಿನ್ಯಾಗ ಕುಂದ್ರಾಕ ಡಾಕ್ಟರ್ ಬ್ಯಾಡ ಅಂದಾರ."

"ಇಲ್ಲೇ ಆಗ್ತದವಾ. ಚಿಂತಿ ಬಿಡು."

ಪರೀಕ್ಷೆಗೆ ಎಂಟು ದಿನ ಇರುವಾಗ, ಮಧ್ಯಾಹ್ನ ಎರಡಕ್ಕೆ, ಅಣಕು ಪರೀಕ್ಷೆ ನಡೆಯಿತು. ಪತ್ರಿಕೆ ತೆರೆಯಲು ಎಂಬತ್ತೊಂಬತ್ತು ಸೆಕೆಂಡು. ಪಕ್ಕದ ಯಂತ್ರದಲ್ಲಿ ತೊಂಬತ್ತೈದು.

ಮಲ್ಲೇಶ್ವರಿ ತಾನು ಬರೆದಿಟ್ಟಿದ್ದ ಹಾಳೆ ತೆಗೆದು ನೋಡಿದಳು. ವಿಂಡೋಸಿನ ಹತ್ತೂ ಓಟ ತರಗತಿ ಮುಗಿದ ಮೇಲೆ, ಸುಡುಬಿಸಿಲಿನಲ್ಲಿ. ಲಿನಕ್ಸಿನ ಹತ್ತೂ ಓಟ ಬೆಳಗಿನ ಏಳಕ್ಕೆ, ಲ್ಯಾಬ್ ಖಾಲಿ ಇದ್ದಾಗ. ಕಾದ ಯಂತ್ರ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಅವಳು ಅಳೆದದ್ದು ಬೆಳಗಿನ ತಂಪನ್ನು.

ಒಂದು ಯಂತ್ರಕ್ಕೆ ಲಿನಕ್ಸ್ ಜೊತೆಗೆ ಮತ್ತೆ ವಿಂಡೋಸ್ ಹಾಕಿ, ಅದೇ ಎರಡು ಗಂಟೆಗೆ, ಒಮ್ಮೆ ಇದು ಒಮ್ಮೆ ಅದು ಎಂದು ಓಡಿಸಿದಳು. ವಿಂಡೋಸ್ ತೊಂಬತ್ತಮೂರು, ಲಿನಕ್ಸ್ ತೊಂಬತ್ತು. ಒಂದೇ ವ್ಯವಸ್ಥೆಯ ಎರಡು ಓಟಗಳ ನಡುವೆಯೇ ಅದಕ್ಕಿಂತ ಹೆಚ್ಚು ಅಂತರ ಬರುತ್ತಿತ್ತು. ಯಂತ್ರಗಳ ಮುಚ್ಚಳ ಬಿಚ್ಚಿದಳು, ಮನೆಯಿಂದ ಫ್ಯಾನ್ ತಂದಳು, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದಳು. ಸಮಯ ಎಂಬತ್ತು ಸೆಕೆಂಡಿನ ಕೆಳಗೆ ಇಳಿಯಲೇ ಇಲ್ಲ.

"ಬೆಳಗಿನ ಅಂಕಿನ ಕಳಸಿಬಿಡು. ಸುಳ್ಳೇನಲ್ಲಲ್ಲ," ಎಂದರು ಪ್ರಾಂಶುಪಾಲ ಶಾಂತಕುಮಾರ.

"ಪರೀಕ್ಷಿ ಮಧ್ಯಾಹ್ನ ಅದ ಸರ್. ನಡುವ ಯಂತ್ರ ಕಾದು ನಿಂತ್ರ ಇಪ್ಪತ್ತು ಮಂದೀದೂ ವರ್ಷ ಹೋಗ್ತದ."

"ಹಂಗಾದ್ರ ಅಷ್ಟು ಗಡಿಬಿಡಿಲೆ ಎಲ್ಲಾ ಅಳಿಸಿದಿ ಯಾಕ?"

ಮಲ್ಲೇಶ್ವರಿ ಮಂಡಳಿಗೆ ಮಧ್ಯಾಹ್ನದ ಅಂಕಿಗಳನ್ನೇ ಕಳಿಸಿ, ಪರೀಕ್ಷೆಯನ್ನು ಬೆಳಗಿನ ಏಳಕ್ಕೆ ಇಡಿ ಎಂದು ಕೈಮುಗಿದು ಬರೆದಳು. ಮೂರು ಸಲ ಫೋನ್ ಮಾಡಿದಳು. ವೇಳಾಪಟ್ಟಿ ಬದಲಾಗುವುದಿಲ್ಲ, ಕೇಂದ್ರ ಯಾದಗಿರಿ ಎಂದು ಉತ್ತರ ಬಂತು.

ಪರೀಕ್ಷೆಯ ದಿನ ಸುರಪುರ ಬಸ್ ನಿಲ್ದಾಣಕ್ಕೆ ಹತ್ತೊಂಬತ್ತು ಮಂದಿ ಬಂದರು. ಮಲ್ಲೇಶ್ವರಿ ಸಾಯಬಮ್ಮನಿಗೆ ಫೋನ್ ಹಚ್ಚಿದಳು.

"ನಂದೇ ತಪ್ಪವಾ. ನಾನು ಸರಿಯಾಗಿ ನೋಡಲಿಲ್ಲ."

"ಒಂದು ವರ್ಷ ಓದೀನ್ರಿ ಮೇಡಂ," ಎಂದು ಸಾಯಬಮ್ಮ ಫೋನ್ ಇಟ್ಟಳು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಶಹಾಪುರದ ದಾರಿ ಹಿಡಿಯಿತು.